ಎರಡು ಕರಾವಿನ ನಡುವೆ ಒಂದು ವಿಮಾನ

ಹೊಸೂರಿನಿಂದ ತೂತುಕುಡಿಗೆ ವಿಮಾನದಲ್ಲಿ ಒಂದು ಗಂಟೆ ಐದು ನಿಮಿಷ.

ನಿಮಗೆ ಗೊತ್ತಿತ್ತೆ? ನನಗೆ ಗೊತ್ತಿರಲಿಲ್ಲ. ನಾನಿರುವುದು ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ. ನಮ್ಮೂರಿನಿಂದ ವಿಮಾನ ಹೊರಡುತ್ತದೆ ಎಂಬ ಸಂಗತಿ ನನಗೆ ತಿಳಿದದ್ದು ಕಳೆದ ಭಾನುವಾರ, ಚಿಕ್ಕಪ್ಪನ ಮನೆಯ ಹಿತ್ತಿಲಲ್ಲಿ, ಅವರೆಕಾಯಿ ಸುಲಿಯುತ್ತ ಕೂತಿದ್ದಾಗ. ಹೇಳಿದ್ದು ಚಿಕ್ಕಮ್ಮ. ಟೌನ್ ಬಸ್ಸಿನ ಟೈಮು ಹೇಳುವಷ್ಟೇ ಸಲೀಸಾಗಿ ಹೇಳಿದರು.

“ಒಂದ್ ಗಂಟೆ ಐದ್ ನಿಮ್ಸ ಕಣವ್ವಾ. ಹೊಸೂರಲ್ಲಿ ಹತ್ತಿದ್ರೆ ತೂತುಕುಡೀಲಿ ಇಳಿಯೋದು. ಮಧ್ಯ ಎಲ್ಲೂ ನಿಲ್ಸಲ್ವಂತೆ.”

(ವಿಮಾನವನ್ನು ಮಧ್ಯದಲ್ಲಿ ಎಲ್ಲಿ ನಿಲ್ಲಿಸುತ್ತಾರೆ ಚಿಕ್ಕಮ್ಮ, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.)

“ಯಾರು ಹೇಳಿದ್ದು?” ಎಂದೆ.

“ಫೋನಲ್ಲೇ ಐತೆ. ನಿಮ್ಮ ಚಿಕ್ಕಪ್ಪ ಊರಿಗೆಲ್ಲ ತೋರ್ಸವ್ರೆ. ನಿಂಗೆ ಗೊತ್ತಿಲ್ವಾ? ಇಷ್ಟೊಂದು ಓದಿದೀಯಾ!”

ಪಕ್ಕದಲ್ಲಿ ಕೂತಿದ್ದ ರತ್ನತ್ತೆ ನಕ್ಕರು. ರತ್ನತ್ತೆ ಎಂದರೆ ಚಿಕ್ಕಪ್ಪನ ಅಕ್ಕ, ನನ್ನ ಸೋದರತ್ತೆ. ಹೊಸೂರಿನ ಹತ್ತಿರದ ಬಾಗಲೂರಿಗೆ ಕೊಟ್ಟಿರುವುದು. “ಇನ್ಮೇಲೆ ಇವಳು ಏರೋಪ್ಲೇನ್ ಹತ್ತಿ ಮಗಳ ಮನೆಗೆ ಹೋಗೋಳು ಕಣಮ್ಮಿ. ನಾವೆಲ್ಲ ಇವಳ ಕಣ್ಣಿಗೆ ಬೀಳ್ತೀವಾ? ಸೆರಗು ಬಿಗಿಯಾಗಿ ಸಿಕ್ಕುಸ್ಕೊಳೇ, ಮೇಲೆ ಗಾಳಿ ಜಾಸ್ತಿ!”

ಚಿಕ್ಕಮ್ಮ ನಾಚಿಕೊಂಡು ನಕ್ಕರು. ಎಲ್ಲರೂ ನಗುತ್ತಿದ್ದರು. ನನ್ನ ಕೈಯಲ್ಲಿದ್ದ ಅವರೆಕಾಯಿ ಮಾತ್ರ ಅರ್ಧ ಬಿಚ್ಚಿಕೊಂಡು ಹಾಗೇ ಉಳಿಯಿತು.

ಯಾಕೆಂದರೆ ಹೊಸೂರಿನಿಂದ ಪ್ರಯಾಣಿಕರ ವಿಮಾನ ಹಾರುವುದಿಲ್ಲ. ಊರಾಚೆ ಒಂದು ಖಾಸಗಿ ರನ್‌ವೇ ಇದೆ, ನಿಜ. ಆಗೊಮ್ಮೆ ಈಗೊಮ್ಮೆ ಪುಟ್ಟ ವಿಮಾನ ಇಳಿಯುವುದನ್ನು ನಾನೂ ನೋಡಿದ್ದೇನೆ. ಆದರೆ ಟಿಕೆಟ್ ತೆಗೆದು, ಚೀಲ ಹಿಡಿದು ಹತ್ತುವ ವಿಮಾನ ಅಲ್ಲಿಲ್ಲ. ದೊಡ್ಡ ನಿಲ್ದಾಣ ಬರುತ್ತದೆ, ಬರುತ್ತದೆ ಎಂಬ ಮಾತಿದೆ. ಮಾತಿನ ಮೇಲೆ ವಿಮಾನ ಇಳಿಯುತ್ತದೆಯೆ?

(ಸೈಟು ಮಾರುವವರ ಬೋರ್ಡುಗಳ ಮೇಲೆ ಮಾತ್ರ ಇಳಿದಾಗಿದೆ. ನಮ್ಮ ಮನೆಯ ತಿರುವಿನಲ್ಲೇ ಒಂದಿದೆ: ‘ಏರ್‌ಪೋರ್ಟಿಗೆ ಹತ್ತೇ ನಿಮಿಷ’. ಇನ್ನೂ ಕಟ್ಟದ ಏರ್‌ಪೋರ್ಟಿಗೆ ಹತ್ತು ನಿಮಿಷವಾದರೂ ಯಾಕೆ ಬೇಕೋ.)

ಇಷ್ಟಕ್ಕೂ ಚಿಕ್ಕಮ್ಮನಿಗೆ ತೂತುಕುಡಿಯಲ್ಲೇನು ಕೆಲಸ? ಅದನ್ನು ಹೇಳಬೇಕು. ಮನೆಯ ವಿಷಯ ಈ ಅಂಕಣದಲ್ಲಿ ಬರೆಯುವುದು ನನಗೆ ಅಭ್ಯಾಸವಿಲ್ಲ, ನಿಮಗೆ ಗೊತ್ತೇ ಇದೆ. ಸಂಬಂಧಪಟ್ಟವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬದಲಾಯಿಸಿದ್ದೇನೆ. ಹಸುಗಳನ್ನು ಬದಲಾಯಿಸಿಲ್ಲ.

ಚಿಕ್ಕಪ್ಪನ ಊರು ತೊರಪಲ್ಲಿ ಅಗ್ರಹಾರ ದಾಟಿ ಮುಂದೆ, ಸಾನಮಾವು ಕಾಡಿನ ಮಗ್ಗುಲಲ್ಲಿ. ರಾಗಿ, ಟೊಮೆಟೊ, ಒಂದಿಷ್ಟು ಗುಲಾಬಿ, ಮತ್ತು ನಾಲ್ಕು ಹಸು. ಮನೆಯ ಯಜಮಾನಿಕೆ ಈ ನಾಲ್ಕರದು. ಅವು ಚಿಕ್ಕಪ್ಪನ ಕೈಗೆ ಬಿಟ್ಟು ಬೇರೆ ಯಾರ ಕೈಗೂ ಹಾಲು ಬಿಡುವುದಿಲ್ಲ ಎಂಬುದು ಚಿಕ್ಕಪ್ಪನ ನಂಬಿಕೆ. ಹಾಗಾಗಿ ಅವರ ಜೀವನವೆಲ್ಲ ಬೆಳಗಿನ ಕರಾವು ಮತ್ತು ಸಂಜೆಯ ಕರಾವಿನ ನಡುವೆ ನಡೆಯುತ್ತದೆ. ಮದುವೆ, ತಿಥಿ, ಆಸ್ಪತ್ರೆ, ಕೋರ್ಟು ಏನೇ ಇರಲಿ, ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಹೊರಟರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿರಬೇಕು.

ಹೆಣ್ಣು ಕೊಡುವುದೂ ಇದೇ ಲೆಕ್ಕದಲ್ಲಿ. ಬೆಳಗಿನ ಹಾಲು ಕರೆದು ಹೊರಟು, ಮಗಳ ಮನೆಯಲ್ಲಿ ಊಟ ಮಾಡಿ, ಸಂಜೆಯ ಹಾಲಿಗೆ ವಾಪಸ್ ಬರಲು ಆಗುವಂತಿದ್ದರೆ ಸಂಬಂಧ ಕುದುರುತ್ತದೆ. ಆಗದಿದ್ದರೆ ಇಲ್ಲ. ‘ಎರಡು ಕರಾವಿನ ದೂರ’ ಎನ್ನುತ್ತಾರೆ ನಮ್ಮ ಮನೆಯಲ್ಲಿ. ತಾತ ಮಾಡಿದ ಕಟ್ಟಳೆ. ರತ್ನತ್ತೆಯನ್ನು ಬಾಗಲೂರಿಗೆ ಕೊಟ್ಟದ್ದು ಈ ಲೆಕ್ಕದಲ್ಲೇ. ಹೊಸೂರಿನಲ್ಲಿ ಒಂದು ಬಸ್ಸು ಬದಲಾಯಿಸಿದರೆ ಅತ್ತೆಯ ಮನೆ ಬಾಗಿಲು.

ಚಿಕ್ಕಪ್ಪನ ಒಬ್ಬಳೇ ಮಗಳು ಪವಿತ್ರ. ಬಿ.ಎಸ್ಸಿ. ಮುಗಿಸಿ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕ್ ಮಾಡುತ್ತಾಳೆ. ಕಂಪನಿ ಬಸ್ಸು ರಾಯಕೋಟೆ ರೋಡಿನಲ್ಲಿ ಅವಳನ್ನು ಹತ್ತಿಸಿಕೊಂಡು ಹೋಗಿ, ಅಲ್ಲೇ ತಂದು ಇಳಿಸುತ್ತದೆ. ಎರಡು ವರ್ಷದಿಂದ ಅವಳಿಗೆ ಗಂಡು ನೋಡುತ್ತಿದ್ದರು. ಸೇಲಂನಲ್ಲಿ ಕೆಲಸದಲ್ಲಿದ್ದ ಹುಡುಗನೊಬ್ಬ ಬಂದ. ಒಳ್ಳೆಯವನೇ. ಚಿಕ್ಕಪ್ಪ ತಲೆಯಾಡಿಸಿಬಿಟ್ಟರು. “ಹೋಗೋದು ಹೋಗ್ಬೋದು. ಬರೋವಾಗ ಸಾನಮಾವಲ್ಲಿ ಆನೆ ರೋಡಿಗೆ ಇಳಿದ್ರೆ? ಫಾರೆಸ್ಟ್‌ನೋರು ಗಾಡಿ ಬಿಡಲ್ಲ. ಇಲ್ಲಿ ಹಸು ಕೆಚ್ಚಲು ಬಿಗಿದು ಒದ್ದಾಡ್ತವೆ.”

ಒಬ್ಬ ಹುಡುಗನ ಭವಿಷ್ಯ ಆನೆಯ ಮೂಡಿನ ಮೇಲೆ ನಿಂತದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಅಂಥ ಚಿಕ್ಕಪ್ಪ ತೂತುಕುಡಿಯ ಸಂಬಂಧಕ್ಕೆ ಒಪ್ಪಿದ್ದರು. ತೂತುಕುಡಿ! ತಮಿಳುನಾಡಿನ ಆ ತುದಿ. ನೆಲ ಮುಗಿದು ಸಮುದ್ರ ಶುರುವಾಗುವ ಜಾಗ. ಹುಡುಗ ಲೋಕೇಶನ ಸ್ವಂತ ಊರು ಇಲ್ಲೇ ಕೆಲಮಂಗಲದ ಹತ್ತಿರ, ಮನೆಮಾತು ನಮ್ಮದೇ ಕನ್ನಡ. ಆದರೆ ಕೆಲಸ, ಮನೆ, ಮುಂದಿನ ಬದುಕು ಎಲ್ಲ ತೂತುಕುಡಿಯ ಬಂದರಿನಲ್ಲಿ. ಭಾನುವಾರ ಅವನ ಕಡೆಯವರು ಬಂದು ಒಪ್ಪಿಗೆಯ ಎಲೆ ಅಡಿಕೆ ಬದಲಾಯಿಸಿಕೊಳ್ಳುವುದು ಎಂದು ತೀರ್ಮಾನವಾಗಿತ್ತು. ನನ್ನನ್ನು ಕರೆದದ್ದೂ ಅದಕ್ಕೇ. ಚಿಕ್ಕಪ್ಪ ಕಟ್ಟಳೆ ಬಿಟ್ಟರಲ್ಲ, ಎಷ್ಟು ಬದಲಾದರು ಎಂದು ನಾನು ಬಸ್ಸಿನಲ್ಲಿ ಖುಷಿಪಟ್ಟುಕೊಂಡೇ ಬಂದಿದ್ದೆ.

ಅವರು ಕಟ್ಟಳೆ ಬಿಟ್ಟಿರಲಿಲ್ಲ. ಕಟ್ಟಳೆಯೊಳಗೆ ವಿಮಾನ ಹಾರಿಸಿದ್ದರು.

ಕೊಟ್ಟಿಗೆಯ ಹತ್ತಿರ ಹೋಗಿ, “ಚಿಕ್ಕಪ್ಪಾ, ಆ ಫೋನ್ ಸ್ವಲ್ಪ ತೋರ್ಸಿ” ಎಂದೆ. ಅವರು ಕೈ ಒರೆಸಿಕೊಂಡು, ಜೇಬಿನಿಂದ ಫೋನು ತೆಗೆದು, ಮೊಮ್ಮಗುವಿನ ಫೋಟೊ ತೋರಿಸುವವರ ಹಾಗೆ ತೋರಿಸಿದರು.

“ನೋಡವ್ವಾ. ಬೆಳಗ್ಗೆ ಹಾಲು ಹಾಕ್ಬುಟ್ಟು ಹೊರಟ್ರೆ ಹತ್ತೂವರೆಗೆ ಅಲ್ಲಿ. ಊಟ ಮಾಡ್ಕಂಡು, ಎರಡು ಮಾತಾಡ್ಕಂಡು, ಎರಡು ಗಂಟೆಗೆ ಹೊರಟ್ರೆ ಮೂರೂವರೆಗೆ ಇಲ್ಲಿ. ಬಾಗಲೂರಿಗಿಂತ ಸಲೀಸು! ಆನೆ ಕಾಟಾನೂ ಇಲ್ಲ ನೋಡು, ಮೇಲ್ಗಡೆ.”

ನೋಡಿದೆ. ನೀಲಿ ಬಣ್ಣದ ಒಂದು ಪುಟ. ಮೇಲೆ ಹೊಸೂರು, ಕೆಳಗೆ ತೂತುಕುಡಿ, ನಡುವೆ ಬಿಲ್ಲಿನ ಹಾಗೆ ಬಾಗಿದ ಗೆರೆ, ಗೆರೆಯ ಮೇಲೆ ಚಂದದ ಒಂದು ವಿಮಾನ. ಹಾರಾಟದ ದೂರ ನಾನೂರ ಮೂವತ್ತು ಚಿಲ್ಲರೆ ಕಿಲೋಮೀಟರ್. ಹಾರಾಟದ ಸಮಯ ಒಂದು ಗಂಟೆ ಐದು ನಿಮಿಷ.

ಇಂಥ ಪುಟಗಳನ್ನು ನೀವೂ ನೋಡಿರುತ್ತೀರಿ. ಯಾವುದೇ ಎರಡು ವಿಮಾನ ನಿಲ್ದಾಣದ ಹೆಸರು ಕೊಡಿ, ದೂರ ಮತ್ತು ಸಮಯ ಹೇಳುತ್ತವೆ. ಹೇಗೆ ಹೇಳುತ್ತವೆ? ಭೂಪಟದ ಮೇಲೆ ಗೆರೆ ಎಳೆದು ಅಳೆಯುತ್ತವೆ. ವಿಮಾನದ ಒಂದು ಸರಾಸರಿ ವೇಗದಿಂದ ಭಾಗಿಸುತ್ತವೆ. ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸುತ್ತವೆ. ಮುಗಿಯಿತು. ಆ ದಾರಿಯಲ್ಲಿ ನಿಜಕ್ಕೂ ವಿಮಾನ ಇದೆಯೇ ಇಲ್ಲವೇ ಎಂಬ ಗೊಡವೆ ಅವಕ್ಕಿಲ್ಲ. ಅವು ಮಾಡುವುದು ಭಾಗಾಕಾರ. ನಾವು ಓದುವುದು ಟೈಮ್ ಟೇಬಲ್ಲು.

ಮತ್ತೆ, ನಿಜವಾಗಿಯೂ ವಿಮಾನದಲ್ಲಿ ಹೋಗಬೇಕೆಂದರೆ? ಸಾನಮಾವಿನಿಂದ ಹೊಸೂರು, ಹೊಸೂರಿನಿಂದ ಇಡೀ ಬೆಂಗಳೂರನ್ನು ಈ ಕೊನೆಯಿಂದ ಆ ಕೊನೆಗೆ ದಾಟಬೇಕು. ಅಲ್ಲಿನ ವಿಮಾನ ನಿಲ್ದಾಣಕ್ಕೆ ಬಹಳ ಮೊದಲೇ ಹೋಗಿ ಕಾಯಬೇಕು. ವಿಮಾನ ಸಿಗುವ ಹೊತ್ತಿಗೆ ಹಾರಿ, ಇಳಿದು, ಅಲ್ಲಿಂದ ಊರೊಳಗೆ ಹೋಗಬೇಕು. ಹೋಗುವುದರಲ್ಲೇ ಸಂಜೆಯ ಕರಾವು ಆಗಿರುತ್ತದೆ. ಬರುವ ಮಾತು ಆಮೇಲೆ.

ಇನ್ನೆರಡು ಗಂಟೆಯಲ್ಲಿ ಗಂಡಿನ ಕಡೆಯವರು ಬರುತ್ತಾರೆ. ಎಲೆ ಅಡಿಕೆ ಬದಲಾದರೆ ನಮ್ಮಲ್ಲಿ ಮದುವೆ ಅರ್ಧ ಆದಂತೆ. ಇಲ್ಲದ ವಿಮಾನವನ್ನು ನಂಬಿ ಇವರು ಮಗಳನ್ನು ಸಮುದ್ರದಂಚಿಗೆ ಕೊಡುತ್ತಿದ್ದಾರೆ. ಚಿಕ್ಕಮ್ಮ ಆಗಲೇ ಯಾವ ಡಬ್ಬಿಯಲ್ಲಿ ಏನು ತುಂಬಿಕೊಂಡು ಹೋಗುವುದು ಎಂದು ಯೋಚಿಸುತ್ತಿದ್ದಾರೆ.

“ಈ ಪುಟ ನಿಮಗೆ ಯಾರು ಕಳ್ಸಿದ್ದು ಚಿಕ್ಕಪ್ಪಾ?”

“ಇನ್ಯಾರು? ನಮ್ ಪವಿತ್ರಾನೇ.”

ಆಗ ಬಿತ್ತು ಎರಡನೆಯ ಪೆಟ್ಟು. ಪವಿತ್ರ ದಿನವೂ ಹೊಸೂರಿಗೆ ಹೋಗಿ ಬರುವವಳು. ಅವಳಿಗೆ ಗೊತ್ತಿಲ್ಲವೆ?

ಒಳಗಿನ ಕೋಣೆಯಲ್ಲಿ ಅವಳು ಕನ್ನಡಿಯ ಮುಂದೆ ಕೂತು ಜಡೆಗೆ ಗುಲಾಬಿ ಮುಡಿಯುತ್ತಿದ್ದಳು. ಬಾಗಿಲು ಹಾಕಿಕೊಂಡು ಕೇಳಿದೆ. “ಪವಿ, ಹೊಸೂರಿಂದ ಪ್ಲೇನ್ ಎಲ್ಲಿದೆ?”

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಬೆದರಲಿಲ್ಲ. “ಇಲ್ಲ” ಎಂದಳು.

“ಇಲ್ಲಾ ಅಂತ ಗೊತ್ತಿದ್ದೂ ಕಳ್ಸಿದ್ಯಾ?”

“ನಾನೇನು ಸುಳ್ಳು ಬರೆದು ಕಳ್ಸಿಲ್ಲಕ್ಕಾ. ಅಲ್ಲಿದ್ದದ್ದು ಕಳ್ಸಿದೆ. ಪ್ಲೇನ್ ಓಡಾಡ್ತದೆ ಅಂತ ನಾನೆಲ್ಲಿ ಹೇಳ್ದೆ? ಅಪ್ಪಾನೇ ಅಂದ್ಕಂಡ್ರು.”

“ಅವರು ಅಂದ್ಕೊಳ್ಳಲಿ ಅಂತಾನೇ ಅಲ್ವಾ ಕಳ್ಸಿದ್ದು?”

ಅವಳು ತಿರುಗಿ ಕೂತಳು. “ಅಕ್ಕಾ, ಸೇಲಂ ಹುಡುಗ ಹೋದ. ಅದಕ್ಕೂ ಮುಂಚೆ ವೆಲ್ಲೂರಿನೋನು ಹೋದ. ಯಾಕೆ ಅಂತ ಫ್ರೆಂಡ್ಸು ಕೇಳ್ತಾರೆ. ಏನ್ ಹೇಳ್ಲಿ? ಹಸು ಒಪ್ಲಿಲ್ಲ ಅಂತ ಹೇಳ್ಲಾ? ಈ ಹುಡುಗ ನಂಗೆ ಇಷ್ಟ ಆಗವ್ನೆ. ನಾಲ್ಕು ಸಲ ಮಾತಾಡಿದೀವಿ. ನೀನು ಕೆಲಸ ಬಿಡ್ಬೇಡ, ಇಲ್ಲೂ ಕಂಪನಿಗಳವೆ ಅಂತ ಅವನಾಗೇ ಹೇಳ್ದ. ಬಸ್ಸಲ್ಲಿ ಒಂದು ರಾತ್ರಿ ಪ್ರಯಾಣ ಅಂತ ಹೇಳಿದ್ರೆ ಅಪ್ಪ ಅವನ ಫೋಟೋನೂ ನೋಡ್ತಿರ್ಲಿಲ್ಲ.”

“ಮುಂದೆ ಗೊತ್ತಾಗಲ್ವಾ?”

“ಆಗ್ತದೆ. ಆಗ ಬಸ್ಸು ಹತ್ತುತ್ತಾರೆ. ಏನ್ ಮಾಡ್ತಾರೆ?” ಆಮೇಲೆ ದನಿ ತಗ್ಗಿಸಿ, “ಇವತ್ತೊಂದಿನ ಸುಮ್ನಿರಕ್ಕಾ. ಕೇಳ್ಕೋತೀನಿ” ಎಂದಳು.

ಎರಡು ವರ್ಷ ಎದುರು ಮಾತಾಡದ ಹುಡುಗಿ, ತಂದೆಯ ಅಳತೆಗೋಲಿಗೆ ಸರಿಯಾಗಿ ಹೊಂದುವ ಒಂದು ಅಂಕಿಯನ್ನು ಹುಡುಕಿ ತಂದಿದ್ದಳು. ಕ್ವಾಲಿಟಿ ಚೆಕ್ ಮಾಡುವವಳಲ್ಲವೆ? ಯಾವುದು ಪಾಸಾಗುತ್ತದೆ ಎಂದು ಅವಳಿಗೆ ಗೊತ್ತು.

ಹೇಳಲೋ ಬೇಡವೋ? ಹೇಳಿದರೆ ಅವಳ ಮದುವೆ ಮುರಿಯಬಹುದು. ಹೇಳದಿದ್ದರೆ ಹಿತ್ತಿಲಲ್ಲಿ ಡಬ್ಬಿ ಲೆಕ್ಕ ಹಾಕುತ್ತಿರುವ ಚಿಕ್ಕಮ್ಮನ ಮುಖ ನೋಡುವುದು ಹೇಗೆ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಮಾಡಿದ್ದು ಏನೂ ಅಲ್ಲ. ಹೋಗಿ ಉಳಿದ ಅವರೆಕಾಯಿ ಸುಲಿದೆ.

ಹನ್ನೊಂದರ ಹೊತ್ತಿಗೆ ಗಂಡಿನ ಕಡೆಯವರು ಬಂದರು. ಲೋಕೇಶ, ಅವನ ತಂದೆ ತಾಯಿ, ಊರಿನ ಒಂದಿಬ್ಬರು ಹಿರಿಯರು. ನಡುಮನೆಯಲ್ಲಿ ಚಾಪೆ, ಚಾಪೆಯ ಮೇಲೆ ಜಮಖಾನ, ಅದರ ಮಧ್ಯೆ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಹೂವು. ಕಾಫಿ ಆಯಿತು. ಮಳೆ, ಟೊಮೆಟೊ ರೇಟು, ಆನೆ ಎಲ್ಲದರ ಮಾತೂ ಆಯಿತು. ಲೋಕೇಶ ತಲೆ ತಗ್ಗಿಸಿ ಕೂತಿದ್ದ. ಕಣ್ಣು ಕೆಂಪಾಗಿದ್ದವು.

ರತ್ನತ್ತೆ ಅವನನ್ನು ಬಿಡುವವರೆ? ತಮಿಳಿನಲ್ಲಿ ಅಳಿಯನನ್ನು ಕರೆಯುವ ಹಾಗೆ ಕರೆದರು. “ಏನ್ ಮಾಪಿಳ್ಳೆ, ಕಣ್ಣೆಲ್ಲ ಕೆಂಪಗವೆ? ರಾತ್ರಿಯೆಲ್ಲ ನಮ್ ಹುಡ್ಗೀನೇ ನೆನೆಸ್ಕಂಡಿದ್ದಾ?”

ಎಲ್ಲರೂ ನಕ್ಕರು. ಅವನೂ ನಕ್ಕ. ಪಾಪದ ಹುಡುಗ, ನಿಜ ಹೇಳಿದ. “ಇಲ್ಲ ಅತ್ತೆ. ಬಸ್ಸಲ್ಲಿ ನಿದ್ದೆ ಬರ್ಲಿಲ್ಲ. ರಾತ್ರಿಯೆಲ್ಲ ಕೂತು ಬಂದೆ. ಕೃಷ್ಣಗಿರಿ ಹತ್ರ ಬೆಳಕು ಹರೀತು.”

ಚಿಕ್ಕಮ್ಮ ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದವರು ನಿಂತರು. “ಬಸ್ಸಲ್ಲಿ ಯಾಕಪ್ಪಾ ಬಂದೆ? ಪ್ಲೇನು ಸಿಗ್ಲಿಲ್ವಾ?”

“ಯಾವ ಪ್ಲೇನು?” ಎಂದ ಲೋಕೇಶ.

ನಾನು ನೆಲ ನೋಡಿದೆ. ಒಳಬಾಗಿಲ ಮರೆಯಲ್ಲಿ ಪವಿತ್ರಳ ಬಳೆ ಸದ್ದಾಯಿತು.

“ಅದೇಪ್ಪಾ, ಹೊಸೂರಿಗೆ ಬತ್ತದಲ್ಲ. ಒಂದ್ ಗಂಟೆ ಐದ್ ನಿಮ್ಸದ್ದು.”

ಲೋಕೇಶ ತಂದೆಯ ಮುಖ ನೋಡಿದ. ತಂದೆ ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ಫೋನು ತೆಗೆದು ಅದೇ ನೀಲಿ ಪುಟವನ್ನು ಮುಂದೆ ಹಿಡಿದರು. “ಇದು ಕಣಪ್ಪಾ. ಇಲ್ಲೇ ಐತಲ್ಲ.” ಲೋಕೇಶ ಬಗ್ಗಿ ನೋಡಿ, ಪುಟವನ್ನು ತಂದೆಯ ಕಡೆ ತಿರುಗಿಸಿದ. ಆಗ ಚಿಕ್ಕಮ್ಮ ಇಡೀ ಮನೆಯಲ್ಲಿ ಹುಡುಕಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು.

“ನೀನು ಓದಿದೋಳು. ನೀನ್ ಹೇಳವ್ವಾ. ಇಲ್ಲಿಂದ ಪ್ಲೇನು ಐತೋ ಇಲ್ವೋ?”

ನಾಲ್ಕು ಜನರ ಮುಂದೆ ಮಾತಾಡಲು ನನಗೆ ಆಗದು. ಆದರೆ ಆ ಕಣ್ಣುಗಳಿಗೆ ಇನ್ನೊಮ್ಮೆ ಆ ಒಂದು ಗಂಟೆ ಐದು ನಿಮಿಷದ ಸುಳ್ಳು ಹೇಳುವುದು ಅದಕ್ಕಿಂತ ಕಷ್ಟವಿತ್ತು.

“ಇಲ್ಲ ಚಿಕ್ಕಮ್ಮ. ಹೊಸೂರಿಂದ ಪ್ಲೇನ್ ಇಲ್ಲ. ಅದು ಬರೀ ಲೆಕ್ಕ. ಹಾರಿದ್ರೆ ಎಷ್ಟು ಹೊತ್ತಾಗುತ್ತೆ ಅಂತ.”

“ಹಾರಿದ್ರೆ?” ಎಂದರು ಚಿಕ್ಕಮ್ಮ. ಲೋಟಗಳ ತಟ್ಟೆ ಹಿಡಿದೇ ಗೋಡೆಗೆ ಒರಗಿಕೊಂಡರು.

ಚಿಕ್ಕಪ್ಪ ಆ ಫೋನನ್ನು ನೋಡಿದರು. ಮಗಳ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು. ಗಂಡಿನ ತಂದೆಯ ಕಡೆ ತಿರುಗಿ, “ತಪ್ಪು ತಿಳ್ಕೋಬ್ಯಾಡಿ ಅಣ್ಣಾ. ನಿಮ್ದೇನೂ ಇಲ್ಲ ಇದ್ರಲ್ಲಿ. ನಮ್ ಮನೇಲಿ ಒಂದು ಲೆಕ್ಕ ಐತೆ. ಅಪ್ಪನ ಕಾಲದ್ದು. ಅದು ಮೀರಕ್ಕಾಗಲ್ಲ” ಎಂದರು. ಆಮೇಲೆ ಚಿಕ್ಕಮ್ಮನಿಗೆ, “ತಟ್ಟೆ ಎತ್ತಿ ಒಳಗಿಡು” ಎಂದರು.

ಎಲೆ ಅಡಿಕೆಯ ತಟ್ಟೆ. ಮಧ್ಯೆ ಇಟ್ಟದ್ದನ್ನು ಎತ್ತಿ ಒಳಗಿಡುವುದು ಎಂದರೆ ನಮ್ಮಲ್ಲಿ ಮುಗಿಯಿತು ಎಂದೇ ಅರ್ಥ. ಒಳಬಾಗಿಲಲ್ಲಿ ಪವಿತ್ರ ಈಗ ಮರೆಯಲ್ಲಿರಲಿಲ್ಲ, ಬಾಗಿಲಿನಲ್ಲೇ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಲೋಕೇಶ ಎದ್ದು ನಿಲ್ಲಬೇಕೋ ಕೂರಬೇಕೋ ತಿಳಿಯದೆ ಅರ್ಧ ಎದ್ದಿದ್ದ.

ಚಿಕ್ಕಮ್ಮ ಬಗ್ಗಿದರು. ತಟ್ಟೆಯ ಅಂಚಿನ ಮೇಲೆ ಇನ್ನೊಂದು ಕೈ ಬಿತ್ತು.

“ಇರು. ಎತ್ತಬ್ಯಾಡ” ಎಂದರು ರತ್ನತ್ತೆ. ಬೆಳಗಿನಿಂದ ನಗಿಸುತ್ತಿದ್ದ ಬಾಯಿ ಅದು. ಈಗ ನಗುವಿರಲಿಲ್ಲ. “ನನ್ನ ಬಾಗಲೂರಿಗೆ ಯಾಕ್ಲಾ ಕೊಟ್ರಿ?”

“ಈಗ್ಯಾಕಕ್ಕಾ ಆ ಮಾತು?”

“ಹೇಳ್ಲಾ.”

“ಹತ್ರ ಅಂತ. ಎರಡು ಕರಾವಿನ ಒಳಗೆ ಬಂದು ಹೋಗ್ಬೋದು ಅಂತ.”

“ಬಂದು ಹೋದ್ರಾ?”

ಚಿಕ್ಕಪ್ಪ ಹೆಗಲ ಟವೆಲ್ಲು ತೆಗೆದು ಮಡಚತೊಡಗಿದರು.

“ಮಗನ ನಾಮಕರಣಕ್ಕೆ ಬಂದ್ರಿ. ನಮ್ ಮಾವ ತೀರ್ಕಂಡಾಗ ಬಂದ್ರಿ. ಆಮ್ಯಾಕೆ? ಗೌರಿ ಹಬ್ಬಕ್ಕೆ ತಮ್ಮ ಬಾಗಿನ ತತ್ತಾನೆ ಅಂತ ಬಾಗಿಲು ಸಾರಿಸಿ ರಂಗೋಲಿ ಹಾಕಿ ನಿಂತ್ಕತಿದ್ದೆ. ಇಲ್ಲೇ ಬಾಗಲೂರು ತಾನೇ, ನಾಳೆ ಹೋದ್ರಾಯ್ತು ಅಂತ ನೀನು. ಇಲ್ಲೇ ತಾನೇ, ಹೊಸೂರಿಗೆ ಹೋದಾಗ ಕೊಟ್ರಾಯ್ತು ಅಂತ ನಿನ್ ಹೆಂಡ್ತಿ. ಹೋದ ವರ್ಷ ನೀನು ಬಸ್ ಕಂಡಕ್ಟರ್ ಕೈಲಿ ಕಳ್ಸಿದೆ ಕಣ್ಲಾ ಬಾಗಿನಾವ! ಅವನು ಪ್ಯಾಸೆಂಜರ್ ಮುಂದೆಲ್ಲಾ, ‘ಯಾರಮ್ಮಾ ರತ್ನಮ್ಮ, ನಿಮ್ದೊಂದು ಪಾರ್ಸಲ್ ಬಂದದೆ’ ಅಂತ ಕೂಗ್ದ. ತವರಿನ ಬಾಗಿನ ನಂಗೆ ಪಾರ್ಸಲ್ಲು!”

ಗಂಡಿನ ಕಡೆಯವರು ಕೂತಿದ್ದಾರೆ ಎಂಬುದೂ ಅತ್ತೆಗೆ ಮರೆತಿತ್ತೋ, ಅಥವಾ ಅವರ ಮುಂದೆಯೇ ಹೇಳಬೇಕೆಂದಿತ್ತೋ. ಅವರು ಅಳುತ್ತಿರಲಿಲ್ಲ. ತಟ್ಟೆಯಲ್ಲಿ ಜರುಗಿದ್ದ ಎಲೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸುತ್ತಿದ್ದರು.

“ದೂರ ಕೊಟ್ಟಿದ್ರೆ, ಪಾಪ ದೂರದಲ್ಲವಳೆ ಅಂತಾನಾದ್ರೂ ಬತ್ತಿದ್ರೇನೋ.”

ಇದು ನನಗೆ ಮೂರನೆಯ ಪೆಟ್ಟು. ಮೊದಲೆರಡೂ ಇದರ ಮುಂದೆ ಏನೂ ಅಲ್ಲ. ಈ ಅತ್ತೆಯನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಯಾವಾಗ ಚಿಕ್ಕಪ್ಪನ ಮನೆಗೆ ಹೋದರೂ ಅವರು ಅಲ್ಲಿರುತ್ತಿದ್ದರು. ಚೀಲದಲ್ಲಿ ಕಡಲೆಕಾಯಿ, ಬಾಯಲ್ಲಿ ತಮಾಷೆ. ಅತ್ತೆಗೆ ತವರೆಂದರೆ ಎಷ್ಟು ಪ್ರೀತಿ ಎಂದು ನಾವೆಲ್ಲ ಹೇಳುತ್ತಿದ್ದೆವು. ಬರುತ್ತಿದ್ದುದು ಯಾವಾಗಲೂ ಅವರೇ. ಆ ದಾರಿಯಲ್ಲಿ ಆ ಕಡೆಗೆ ಯಾರೂ ಹೋಗುತ್ತಿರಲಿಲ್ಲ ಎಂಬುದು ನಮ್ಮಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. “ಹಸುಗಳ್ನ ಬಿಟ್ಟು…” ಎಂದು ಶುರು ಮಾಡಿದರು.

“ಹಸು ನಾನ್ ಕರೀತೀನಿ.”

“ನನ್ ಕೈ ಬಿಟ್ರೆ ಅವು ಹಾಲು ಬಿಡಲ್ಲಕ್ಕಾ.”

“ಬಿಡ್ದೆ ಏನ್ ಮಾಡ್ತವೆ? ಅವುಗಳ ಅಜ್ಜಿ ಹಾಲು ಬಿಡ್ತಿದ್ದುದು ನನ್ ಕೈಗೆ ಕಣ್ಲಾ. ನೀನಾಗ ಕೆಚ್ಚಲ ಹತ್ರ ಬರಕ್ಕೂ ಹೆದರ್ಕಂಡು ಕಂಬ ತಬ್ಕಂಡು ನಿಲ್ತಿದ್ದೆ.”

ಗಂಡಿನ ತಂದೆ ಮೊದಲು ನಕ್ಕರು. ಆಮೇಲೆ ಲೋಕೇಶ. ಆಮೇಲೆ, ಕಣ್ಣು ಒರೆಸಿಕೊಳ್ಳುತ್ತಲೇ, ಚಿಕ್ಕಮ್ಮ.

ಅತ್ತೆ ಲೋಕೇಶನ ಕಡೆ ತಿರುಗಿದರು. “ಹೇಳಪ್ಪಾ ಮಾಪಿಳ್ಳೆ, ನಿಮ್ಮೂರಿಗೆ ನಿಜವಾಗ್ಲೂ ಎಷ್ಟೊತ್ತು?”

“ಬಸ್ಸಲ್ಲಿ ಒಂದು ರಾತ್ರಿ ಪೂರ್ತಿ ಹಿಡೀತದೆ ಅತ್ತೆ. ಕೆಲವು ಸಲ ಇನ್ನೂ ಜಾಸ್ತಿ.”

“ನೋಡು, ಕೂತ ಕಡೆ ನಿಜ ಹೇಳ್ತಾನೆ. ಇಂಥೋನಿಗೆ ಕೊಡ್ಬೋದು.” ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, “ಕಳ್ಳಿ ನಮ್ ಮನೇಲವಳೆ. ಅದಕ್ಕೆ ಅವನೇ ಯೋಚ್ನೆ ಮಾಡ್ಬೇಕು” ಎಂದರು.

ಪವಿತ್ರ ಒಳಗೆ ಓಡಿದಳು.

“ಈಗ ನೀನ್ ಹೇಳ್ಲಾ” ಎಂದು ಅತ್ತೆ ತಮ್ಮನನ್ನು ಕೇಳಿದರು. “ಒಂದು ರಾತ್ರಿ ಬಸ್ಸಲ್ಲಿ ಕೂತು ಮಗಳ ಮನೆಗೆ ಹೋಗ್ತೀಯಾ? ಹೋಗಲ್ಲ ಅಂದ್ರೆ ತಟ್ಟೆ ನಾನೇ ಒಳಗಿಡ್ತೀನಿ.”

ಚಿಕ್ಕಪ್ಪ ಉತ್ತರ ಕೊಡಲು ತೆಗೆದುಕೊಂಡ ಹೊತ್ತು ಯಾವ ಪುಟದಲ್ಲೂ ಇಲ್ಲ. ಕೊಟ್ಟಿಗೆಯ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಫೋನನ್ನು ಬೋರಲು ಮಾಡಿ ಚಾಪೆಯ ಮೇಲಿಟ್ಟರು.

“ಹೋಗ್ತೀನಿ” ಎಂದರು.

ತಟ್ಟೆ ಬದಲಾಯಿತು. ಅವರೆಕಾಳಿನ ಹುಳಿ, ಮುದ್ದೆ, ಪಾಯಸದ ಊಟವಾಯಿತು. ನೋಡುವವರಿಗೆ ಎಲ್ಲ ಒಪ್ಪಿಗೆ ಶಾಸ್ತ್ರದ ಹಾಗೇ ಇತ್ತು.

ಅಂದಿನಿಂದ ನಾನು ಒಂದು ವಿಷಯ ಗಮನಿಸುತ್ತಿದ್ದೇನೆ. ದೂರ ಎಷ್ಟು ಎಂದು ಯಾರನ್ನಾದರೂ ಕೇಳಿ. ಕಿಲೋಮೀಟರು ಹೇಳುವುದಿಲ್ಲ. “ಅರ್ಧ ಗಂಟೆ” ಎನ್ನುತ್ತಾರೆ. “ಇಲ್ಲೇ” ಎನ್ನುತ್ತಾರೆ. ಆ ಅರ್ಧ ಗಂಟೆ ಹೊರಟವರಿಗೆ ಮಾತ್ರ ತಾನೆ? ಹೊರಡದೇ ಕೂತವರಿಗೆ ಬಾಗಲೂರೂ ಒಂದೇ, ತೂತುಕುಡಿಯೂ ಒಂದೇ. ಆ ನೀಲಿ ಪುಟದ ಮೇಲೆ ನನಗೆ ಸಿಟ್ಟು ಬಂದಿತ್ತು, ಇಲ್ಲದ ವಿಮಾನಕ್ಕೆ ಸಮಯ ಹೇಳುತ್ತದಲ್ಲ ಎಂದು. ನಾವು ಮಾಡುತ್ತಿರುವುದೇನು? ಹೋಗದ ದಾರಿಗೆ ಸಮಯ ಹೇಳುತ್ತೇವೆ. ಹತ್ತಿರ ಎಂಬುದು ನಮಗೆ ಹೋಗುವ ಕಾರಣವಲ್ಲ, ಹೋಗದಿರುವ ನೆಪ.

ಸಂಜೆ ನಾನು ಹೊರಟಾಗ ಅತ್ತೆ ಆಗಲೇ ಬಾಗಲೂರಿಗೆ ಹೊರಟುಹೋಗಿದ್ದರು, ಎಂದಿನಂತೆ ಒಬ್ಬರೇ, ಬಸ್ಸಿನಲ್ಲಿ. ಹೋಗಿ ಬರುತ್ತೇನೆ ಎಂದು ಹೇಳಲು ಕೊಟ್ಟಿಗೆಗೆ ಹೋದೆ. ಚಿಕ್ಕಪ್ಪ ಕರಾವು ಮುಗಿಸಿ, ತುಂಬಿದ ಬಕೆಟ್ಟಿನ ಪಕ್ಕ ಸುಮ್ಮನೆ ಕುಕ್ಕರಗಾಲಲ್ಲಿ ಕೂತಿದ್ದರು. ಫೋನನ್ನು ನನ್ನ ಕೈಗೆ ಕೊಟ್ಟರು.

“ಅದೇ ಪುಟದಲ್ಲಿ ಬಾಗಲೂರು ಹಾಕವ್ವಾ. ಎಷ್ಟೊತ್ತು ಅಂತದೆ ನೋಡಣ.”

ಹಾಕಿದೆ. ಪುಟ ಒಂದು ಕ್ಷಣ ತಿರುಗಿ ಯೋಚಿಸಿತು. ಆ ಹೆಸರಿನ ವಿಮಾನ ನಿಲ್ದಾಣ ಸಿಗಲಿಲ್ಲ ಎಂದಿತು.

ವಿಮಾನ ನಿಲ್ದಾಣ ಇಲ್ಲ, ಸರಿ. ದಾರಿ ಇತ್ತಲ್ಲ?